ಅತ್ತೆಯ ತೂಕಕ್ಕೊಂದು ಎಂಜಿನ್

ನಮ್ಮ ಅಂಬಾಸಿಡರ್ ಕಾರು ನನಗಿಂತ ಎರಡು ವರ್ಷ ದೊಡ್ಡದು. ಹಾಗಾಗಿ ಅದನ್ನು ಯಾರಾದರೂ ಮುದಿ ಗಾಡಿ ಎಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ನಮ್ಮೆಜಮಾನರು, "ಇದನ್ನ ಗುಜರಿಗೆ ಹಾಕಿ ಒಂದು ಸಣ್ಣ ಕಾರು ತಗೊಳ್ಳೋಣ" ಎಂದಿದ್ದಕ್ಕೆ ಮೂರು ದಿನ ಅವರಿಗೆ ಉಪ್ಪಿಲ್ಲದ ಸಾರು ಬಡಿಸಿದ್ದೆ. ಅವರು ತುಟಿ ಪಿಟಕ್ಕೆನ್ನದೆ ಉಂಡರು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬಂದಿಲ್ಲ.

ಕಾರು ಅಪ್ಪನದು. ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ ಅಪ್ಪ, ಅದರಲ್ಲಿ ಕಾಯಿಗಿಂತ ಹೆಚ್ಚಾಗಿ ನೆಂಟರನ್ನು ಸಾಗಿಸಿದರು. ಅಪ್ಪ ಹೋದ ಮೇಲೆ ನನ್ನ ತಮ್ಮ, ಏಸಿ ಇಲ್ಲದ ಗಾಡಿ ತನಗೆ ಬೇಡ ಎಂದ. ಅಮ್ಮ ಕೀಲಿಯನ್ನು ನನ್ನ ಕೈಗಿಟ್ಟರು. ಅಂದಿನಿಂದ ಅದು ತುಮಕೂರಿನ ನಮ್ಮ ಮನೆ ಮುಂದೆ ನಿಂತಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೆಳಿಗ್ಗೆ ಆ ಕಾರಿನಲ್ಲಿ ಶಾಲೆಯ ಗೇಟು ಹೊಕ್ಕರೆ ಮಕ್ಕಳು ದಾರಿ ಬಿಟ್ಟು ನಿಲ್ಲುತ್ತಾರೆ. ಆ ಮರ್ಯಾದೆ ನನಗೋ ಕಾರಿಗೋ ಎಂದು ವಿಚಾರಿಸಲು ಹೋಗಿಲ್ಲ.

ಕಾರಿಗೆ ಇದ್ದದ್ದು ಒಂದೇ ಐಬು. ಏರು ಕಂಡರೆ ಅದಕ್ಕೆ ಏದುಸಿರು. ಸಮತಟ್ಟು ರಸ್ತೆಯಲ್ಲಿ ಆರು ಜನರನ್ನು ಕೂರಿಸಿಕೊಂಡು ಬೇಕಾದಷ್ಟು ದೂರ ಹೋಗುವ ಗಾಡಿ, ಸ್ವಲ್ಪ ಕಡಿದಾದ ಏರು ಬಂದರೆ ಅರ್ಧಕ್ಕೆ ನಿಂತು ಗೊರಗೊರ ಎನ್ನುತ್ತಿತ್ತು. ಅಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿ ಅದಕ್ಕೊಂದು ರೂಢಿ ಇತ್ತು. ಏರು ಬಂತೆಂದರೆ ದಪ್ಪಗಿದ್ದವರು ಇಳಿಯಬೇಕು, ಸಣಕಲರು ಕೂತಿರಬಹುದು. ಚಿಕ್ಕಂದಿನಲ್ಲಿ ನಾನು ಕಡ್ಡಿಯಂತಿದ್ದೆ. ಕಿಟಕಿಯಿಂದ ತಲೆ ಹಾಕಿ, ಹಿಂದೆ ನಡೆದು ಬರುತ್ತಿರುವ ದೊಡ್ಡವರಿಗೆ ಟಾಟಾ ಮಾಡುತ್ತಿದ್ದೆ.

ಹೀಗೆ ಇಳಿಯುವವರಲ್ಲಿ ಯಾವಾಗಲೂ ಮೊದಲು ನಮ್ಮ ಸೋದರತ್ತೆ. ಅಪ್ಪನ ಅಕ್ಕ. ಕುಣಿಗಲ್‌ನಲ್ಲಿ ಮನೆ. ಮಾವ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರು. ಅತ್ತೆ ಆಳೆತ್ತರದ ಹೆಂಗಸು, ಎತ್ತರಕ್ಕೆ ತಕ್ಕ ಗಾತ್ರ, ಗಾತ್ರಕ್ಕೆ ತಕ್ಕ ಗಂಟಲು. ಅಪ್ಪ "ಅಕ್ಕಾ" ಎಂದು ಎಳೆಯುವಷ್ಟರಲ್ಲಿ, "ಗೊತ್ತಾಯ್ತು ಕಣ್ಲಾ, ಇಳೀತೀನಿ" ಎಂದು ನಗುತ್ತಾ ಇಳಿದುಬಿಡುತ್ತಿದ್ದಳು. ಅದು ಅಕ್ಕ ತಮ್ಮನ ನಡುವಿನ ಮಾತು. ನಾನು ಅದನ್ನು ಅರ್ಥ ಮಾಡಿಕೊಳ್ಳದೆ ಹೋದೆ.

ಹನ್ನೊಂದು ವರ್ಷದ ಹಿಂದೆ ನನ್ನ ತಮ್ಮನ ಮದುವೆಯಾಯಿತು. ಹುಲಿಯೂರುದುರ್ಗ ದಾಟಿದರೆ ನಮ್ಮ ಮನೆದೇವರ ಗುಡ್ಡ. ವರ್ಷಕ್ಕೊಮ್ಮೆ ಅಲ್ಲಿ ಒಲೆ ಹೂಡಿ, ಅಡುಗೆ ಮಾಡಿ, ಬಂದವರಿಗೆಲ್ಲ ಬಡಿಸುತ್ತೇವೆ. ನಮ್ಮ ಕಡೆ ಇದಕ್ಕೆ ಪರ ಎನ್ನುತ್ತಾರೆ. ಆ ವರ್ಷದ ಪರಕ್ಕೆ ಹೊಸ ಬೀಗರನ್ನೂ ಕರೆದಿದ್ದೆವು. ಬೀಗರು, ಬೀಗಿತ್ತಿ, ಅಮ್ಮ ಹಿಂದಿನ ಸೀಟಿನಲ್ಲಿ. ಅತ್ತೆ ಮುಂದೆ, ನನ್ನ ಪಕ್ಕ, ಹೊಸ ರೇಷ್ಮೆ ಸೀರೆ ಉಟ್ಟು, ಬೀಗಿತ್ತಿಗೆ ನಮ್ಮ ವಂಶದ ದೊಡ್ಡಸ್ತಿಕೆ ಹೇಳುತ್ತಿದ್ದಳು. ಗುಡ್ಡದ ಏರಿನ ಅರ್ಧಕ್ಕೆ ಕಾರು ನಿಂತಿತು. ಹಿಂದಕ್ಕೆ ಜಾರತೊಡಗಿತು. ನಾನು ಹ್ಯಾಂಡ್‌ಬ್ರೇಕ್ ಎಳೆದು, ಗಾಬರಿಯಲ್ಲಿ, ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ: "ಅತ್ತೆ, ನೀವೊಬ್ಬರು ಇಳಿದರೆ ಸಾಕು, ಮಿಕ್ಕವರನ್ನ ಎಳೆಯುತ್ತೆ."

ಬೀಗರು ನಕ್ಕುಬಿಟ್ಟರು. ಬೀಗಿತ್ತಿ ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ನಗಲಿಲ್ಲ. ಬಾಗಿಲು ತೆಗೆದು ಇಳಿದಳು. ಕಾರು ಸಲೀಸಾಗಿ ಹತ್ತಿತು, ಅದೊಂದು ಅವಮಾನ ಸಾಲದೆಂಬಂತೆ. ಅವಳು ಆ ರೇಷ್ಮೆ ಸೀರೆಯಲ್ಲಿ ಬಿಸಿಲಿನಲ್ಲಿ ನಡೆದು ಮೇಲೆ ಬಂದಳು, ಒಲೆ ಮುಂದೆ ತನ್ನ ಕೆಲಸ ಮಾಡಿದಳು, ಊಟ ಮಾಡಿ ಬಸ್ಸು ಹಿಡಿದು ಹೋದಳು. ಅವತ್ತಿನಿಂದ ಆ ಕಾರಿಗೆ ಕಾಲಿಡಲಿಲ್ಲ.

ಜಗಳವೇನೂ ಆಗಲಿಲ್ಲ. ಹಬ್ಬಕ್ಕೆ ನನ್ನನ್ನು ಕರೆಯುತ್ತಿದ್ದಳು, ಹೋದರೆ ಮಡಿಲು ತುಂಬುತ್ತಿದ್ದಳು. ಆದರೆ ಪ್ರತಿ ವರ್ಷ ಪರದ ದಿನ ಬಸ್ಸಿನಲ್ಲಿ ಹುಲಿಯೂರುದುರ್ಗಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ಗುಡ್ಡದ ಬುಡಕ್ಕೆ ಬಂದು, ಛತ್ರಿ ಬಿಡಿಸಿಕೊಂಡು ಏರಿನಲ್ಲಿ ಒಬ್ಬಳೇ ನಡೆಯುತ್ತಿದ್ದಳು. ತಮ್ಮ ತನ್ನ ಹೊಸ ಕಾರು ನಿಲ್ಲಿಸಿ ಕರೆದರೆ, "ನಂಗ್ಯಾತಕ್ಕಪ್ಪ ಗಾಡಿ? ನಾನು ಕಾಲ್ನಾಗೆ ಹತ್ತೋಳು" ಎನ್ನುತ್ತಿದ್ದಳು. ಪ್ರತಿ ವರ್ಷ ನಾನು ಆ ಛತ್ರಿಯನ್ನು ಹಿಂದೆ ಹಾಕಿ ಮುಂದೆ ಹೋಗಬೇಕಾಗಿತ್ತು. ಹಾರನ್ ಹೊಡೆಯಲೂ ಧೈರ್ಯವಿರಲಿಲ್ಲ.

ತಪ್ಪು ನನ್ನದೇ ಎಂದು ಯಾರಾದರೂ ಹೇಳಿದರೆ ನನಗೆ ರೇಗುತ್ತಿತ್ತು. ಕಾರು ಹತ್ತಲಿಲ್ಲ, ನಾನೇನು ಮಾಡಲಿ? ಜಾರುತ್ತಿರುವ ಗಾಡಿಯಲ್ಲಿ ಕೂತು ಮಾತಿಗೆ ಬೆಲ್ಲ ಸವರುತ್ತಾ ಇರಲಾಗುತ್ತದೆಯೇ? ತಪ್ಪು ಎಂಜಿನ್ನಿನದು. ಹನ್ನೊಂದು ವರ್ಷ ನಾನು ಇದನ್ನೇ ಹೇಳಿಕೊಂಡು ಬಂದೆ.

ಕಳೆದ ದಸರೆಯಲ್ಲಿ ಅತ್ತೆ ಫೋನ್ ಮಾಡಿದಳು. "ಮಂಡಿ ಡಾಕ್ಟ್ರು ಏರು ಹತ್ತಂಗಿಲ್ಲ ಅಂದವ್ರೆ ಕಣಮ್ಮಿ. ಈ ಸಲ ಪರಕ್ಕೆ ನನ್ನ ಬುಟ್ಟುಬುಡಿ. ಮೊದಲಕ್ಕಿ ನೀನೇ ಹಾಕು" ಎಂದಳು. ಪರದ ಹಂಡೆಗೆ ಮೊದಲ ಹಿಡಿ ಅಕ್ಕಿ ಹಾಕುವುದು ಮನೆಯ ಹಿರಿ ಮಗಳು. ನನಗೆ ಬುದ್ಧಿ ತಿಳಿದಾಗಿನಿಂದ ಆ ಹಿಡಿ ಅತ್ತೆಯದು. ನಾನು "ಸರಿ ಅತ್ತೆ" ಎಂದು ಫೋನ್ ಇಟ್ಟು, ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ನಂತರ ಮುಖ ತೊಳೆದು, ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ನಮ್ಮ ಮೆಕ್ಯಾನಿಕ್ ಬಳಿ ಹೋದೆ.

ಈ ಮೆಕ್ಯಾನಿಕ್‌ಗೆ ಅರವತ್ತರ ಮೇಲೆ. ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡಿದವರು. ಟೀ ಕುಡಿಯದೆ ಒಂದು ಬೋಲ್ಟನ್ನೂ ಮುಟ್ಟುವವರಲ್ಲ, ಯಾವ ಕೆಲಸಕ್ಕೂ ಆಗಲ್ಲ ಎನ್ನುವವರಲ್ಲ. "ಈ ಎಂಜಿನ್ ತೆಗೆದು ದೊಡ್ಡದು ಕೂರಿಸಬಹುದಾ?" ಎಂದು ಕೇಳಿದೆ.

"ಆಗ್ತದೆ ಮೇಡಮ್" ಎಂದರು. ಟೀ ಮುಗಿಸಿದರು. "ನಿಮ್ದು ಒಂದೂವರೆ ಸಾವಿರ ಸೀಸಿ. ಆಮೇಲಾಮೇಲೆ ಇದೇ ಕಾರಿಗೆ ಹದಿನೆಂಟುನೂರರದ್ದು ಬಂತು, ಐದು ಗೇರು. ಅದು ಸಿಕ್ರೆ ಕೂತ್ಕೊತದೆ. ಆದ್ರೆ ಸಿಗ್ಬೇಕಲ್ಲ. ಯಾತಕ್ಕೆ ಈಗ ಇದೆಲ್ಲ?"

"ನಮ್ಮತ್ತೆನ ಗುಡ್ಡ ಹತ್ತಿಸಬೇಕು" ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತೇನೋ, ಆಮೇಲಿನ ಒಂದು ಅನಾಹುತ ತಪ್ಪುತ್ತಿತ್ತು.

ಎಂಜಿನ್ ಸಿಕ್ಕಿದ್ದು ಹಾಗಲವಾಡಿಯಲ್ಲಿ. ಒಬ್ಬ ರೈತರ ತೋಟದ ಮೂಲೆಯಲ್ಲಿ ಅಂಥದೇ ಕಾರು ನಿಂತಿದೆ ಎಂದು ಅಮ್ಮನಿಗೆ ಗುಬ್ಬಿಯ ಸಂತೆಯಲ್ಲಿ ಯಾರೋ ಹೇಳಿದ್ದರು. ಒಂದು ಭಾನುವಾರ ಮೆಕ್ಯಾನಿಕ್ಕನ್ನು ಕೂರಿಸಿಕೊಂಡು ಹೋದೆ. ಕಾರಿನ ತಳವೆಲ್ಲ ತುಕ್ಕು. ಒಳಗೆ ಕೋಳಿಗಳ ಸಂಸಾರ. ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು, ನಮ್ಮನ್ನು ಕಂಡು ಸಾಹೇಬರ ಹಾಗೆ ಕತ್ತು ತಿರುಗಿಸಿತು. ಆದರೆ ಬಾನೆಟ್ಟಿನೊಳಗೆ ಎಂಜಿನ್ ಎಣ್ಣೆ ಹಚ್ಚಿಸಿಕೊಂಡು ನೀಟಾಗಿತ್ತು. ಆ ರೈತರು ತಿಂಗಳಿಗೊಮ್ಮೆ ಅದನ್ನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಅದರ ಸದ್ದು ಕೇಳಿ, ಆಫ್ ಮಾಡುತ್ತಿದ್ದರಂತೆ. ಇಂಥ ಮನುಷ್ಯರು ಇರುವ ತನಕ ನನ್ನನ್ನು ಹುಚ್ಚಿ ಎನ್ನುವ ಹಕ್ಕು ನಮ್ಮೆಜಮಾನರಿಗೆ ಇಲ್ಲ.

"ಎಂಜಿನ್ ತಗೊಂಡೋಗಿ. ಗಾಡಿ ಕೀಲಿ ಮಾತ್ರ ಕೊಡಲ್ಲ" ಎಂದರು ಅವರು. ಎಂಜಿನ್ನಿಗೆ ಕೀಲಿ ಏಕೆ ಬೇಕು, ಬೇಡವೇ ಬೇಡ ಎಂದೆ. "ಅಲ್ಲಮ್ಮ, ಹಸ ಮಾರಿದ್ರೂ ಹಗ್ಗ ಕೊಡ್ತೀವಾ? ಹಗ್ಗ ಕೊಟ್ರೆ ಕೊಟ್ಟಿಗೆ ಬರಿದಾಯ್ತದೆ ಅಂತಾರೆ" ಎಂದು ಕೀಲಿಯನ್ನು ಜೇಬಿಗಿಟ್ಟುಕೊಂಡರು. ಅವರ ಹೆಂಡತಿ ಎಂಜಿನ್ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟರು. ಗೇರ್‌ಬಾಕ್ಸ್ ಸಮೇತ ಅದನ್ನು ಲಗೇಜ್ ಆಟೋಗೆ ಏರಿಸಿ ಕಳಿಸಿಕೊಡುವಾಗ, ಹೆಣ್ಣು ಒಪ್ಪಿಸಿಕೊಂಡು ಬರುವವರ ಹಾಗೆ ನಾನೂ ಆ ಇಬ್ಬರಿಗೂ ಕೈ ಮುಗಿದೆ.

ಎಂಜಿನ್ ಬದಲಾಯಿಸುವುದೆಂದರೆ ಒಂದನ್ನು ಎತ್ತಿ ಇನ್ನೊಂದನ್ನು ಇಡುವುದು ಎಂದುಕೊಂಡಿದ್ದೆ. ವಿಜ್ಞಾನದ ಮೇಷ್ಟ್ರಿಗೆ ಎಷ್ಟು ಗೊತ್ತಿರುತ್ತದೆ ಎನ್ನುವುದು ಆ ಎರಡು ತಿಂಗಳಲ್ಲಿ ನನಗೆ ಗೊತ್ತಾಯಿತು. ಗ್ಯಾರೇಜಿನ ಹೊಂಗೆ ಮರದ ಕೊಂಬೆಗೆ ಚೈನ್ ಕಟ್ಟಿ ಹಳೆಯ ಎಂಜಿನ್ ಎತ್ತಿದರು. ಅದು ಗಾಳಿಯಲ್ಲಿ ನಿಧಾನ ತಿರುಗುತ್ತಿದ್ದಾಗ, ಇಷ್ಟು ಸಣ್ಣದನ್ನು ಇಷ್ಟು ವರ್ಷ ಬೈದೆನಲ್ಲ ಎನಿಸಿತು. ಹೊಸದನ್ನು ಇಳಿಸಿದರೆ ಅದರ ಕಾಲು ಊರುವ ಜಾಗವೇ ಬೇರೆ. ಹೊಸ ಕಬ್ಬಿಣದ ತೋಳು ಬೆಸೆಯಬೇಕಾಯಿತು. ಗೇರ್‌ಬಾಕ್ಸ್ ಉದ್ದವಾಗಿದ್ದರಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಲಾಕೆಯನ್ನು ಗಿಡ್ಡ ಮಾಡಿಸಬೇಕಾಯಿತು. ಸ್ಟೇರಿಂಗ್ ಪಕ್ಕದಲ್ಲಿದ್ದ ಗೇರ್ ಕಡ್ಡಿ ನೆಲಕ್ಕೆ ಇಳಿಯಿತು. ಅದಕ್ಕೆ ನೆಲದಲ್ಲಿ ತೂತು ಕೊರೆಯುವಾಗ ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋಗಿ ಎರಡು ಬಾಳೆಹಣ್ಣು ತಿಂದೆ.

ಎಂಜಿನ್ ಬದಲಾಯಿಸಲು ಆರ್‌ಟಿಒ ಕಚೇರಿಯ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಅಲ್ಲಿನ ಅಧಿಕಾರಿ ಅರ್ಜಿ ಓದಿ, "ಕಾರಣ ಅನ್ನೋ ಕಡೆ ಏನು ಬರ್ದಿದೀರಿ ಮೇಡಮ್? ‘ಅತ್ತೆ’ ಅಂತ ಇದೆಯಲ್ಲ" ಎಂದರು. ಅವಸರದಲ್ಲಿ ನಿಜ ಬರೆದುಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ ‘ಹಳೆಯ ಎಂಜಿನ್ ಸವೆದಿದೆ’ ಎಂದು ಬರೆದುಕೊಟ್ಟೆ.

ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಮೆಕ್ಯಾನಿಕ್ ಒಂದು ಲೋಟ ತುಂಬ ಟೀ ತರಿಸಿ, ಓಡುತ್ತಿದ್ದ ಎಂಜಿನ್ ಮೇಲೆ ಇಟ್ಟರು. ಟೀ ಮೈ ನಡುಗಿಸಿತು, ಒಂದು ಹನಿಯೂ ತುಳುಕಲಿಲ್ಲ. ಆ ಟೀಯನ್ನು ನನಗೇ ಕೊಟ್ಟರು. ಪೆಟ್ರೋಲ್ ವಾಸನೆಯ ಆ ಟೀಯಷ್ಟು ರುಚಿಯಾದದ್ದನ್ನು ನಾನು ಈಚೆಗೆ ಕುಡಿದಿಲ್ಲ. ಸಂತೋಷಕ್ಕೆ ಗ್ಯಾರೇಜಿನಲ್ಲೇ ಚಪ್ಪಾಳೆ ಹೊಡೆದೆ, ಪಕ್ಕದ ಪಂಚರ್ ಅಂಗಡಿಯವರೂ ಏಕೆಂದು ಕೇಳದೆ ಹೊಡೆದರು.

"ಖಾಲಿ ಗಾಡಿ ಯಾವನಾದ್ರೂ ಹತ್ತಿಸ್ತಾನೆ. ಭಾರ ಹಾಕಿ ನೋಡ್ಬೇಕು. ಮರಳು ತುಂಬಾನಾ?" ಎಂದರು ಮೆಕ್ಯಾನಿಕ್. ಮರಳಿನಿಂದ ಸೀಟು ಹಾಳಾಗುತ್ತದೆ ಎಂದು ಅಮ್ಮ ಗುಬ್ಬಿಯಿಂದ ತೆಂಗಿನಕಾಯಿ ಮೂಟೆ ಕಳಿಸಿದರು. ಪರದ ದಿನ ಯಾರು ಎಲ್ಲಿ ಕೂರುತ್ತಾರೋ ಅಲ್ಲಿ ಅವರವರ ತೂಕದ ಕಾಯಿ ಇಡಬೇಕು ಎಂದು ನಾನೇ ಹೇಳಿದೆ. ಅಮ್ಮನದು, ಎಜಮಾನರದು, ತಮ್ಮನದು ಗೊತ್ತಿತ್ತು. ಅತ್ತೆಯದು? ಅದೂ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಅತ್ತೆ ಹರಕೆ ಹೊತ್ತು ಯಡಿಯೂರಿನಲ್ಲಿ ಬೆಲ್ಲದ ತುಲಾಭಾರ ಮಾಡಿಸಿದ್ದಳು. ತಕ್ಕಡಿಗೆ ಬೆಲ್ಲದ ಅಚ್ಚು ಇಟ್ಟವಳು ನಾನೇ. ಅದು ಎಷ್ಟು ಕೆಜಿ ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಇನ್ನೂ ದೊಡ್ಡ ಎಂಜಿನ್ ಹುಡುಕಬೇಕಾದೀತು. ಕಾಯಿಯ ಲೆಕ್ಕದಲ್ಲಿ ಅದು ಒಂದೂವರೆ ಮೂಟೆ.

ಮೇಷ್ಟ್ರ ಕೆಲಸದವರ ಚೀಲದಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಮೂಟೆಗಳು ಅದಲುಬದಲಾಗಬಾರದೆಂದು ಒಂದೊಂದರ ಮೇಲೂ ದೊಡ್ಡದಾಗಿ ಬರೆದೆ. ‘ಅಮ್ಮ.’ ‘ಎಜಮಾನರು.’ ‘ತಮ್ಮ.’ ಮುಂದಿನ ಸೀಟಿನ ಮೂಟೆಗೆ ‘ಅತ್ತೆ’, ಅದರ ಮೇಲೆ ಹೇರಿದ ಅರ್ಧ ಮೂಟೆಗೂ ‘ಅತ್ತೆ’. ಜಾರದಂತೆ ನಡುವಿಗೊಂದು ಹಗ್ಗ ಬಿಗಿದೆ. ಒಳ್ಳೆಯ ಅಕ್ಷರ ಎಂದು ನನಗೆ ನಾನೇ ಮೆಚ್ಚಿಕೊಂಡೆ.

ರೈಲ್ವೆ ಮೇಲ್ಸೇತುವೆಯ ಏರನ್ನು ಮೂರು ಸಲ ಹತ್ತಿಸಿ ಗ್ಯಾರೇಜಿಗೆ ಬಂದು, ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ. ಹೊರಗೆ ಆಟೋ ನಿಂತ ಸದ್ದಾಯಿತು. ಇಣುಕಿದರೆ ಅತ್ತೆ. ಮಂಡಿ ಡಾಕ್ಟರಿಗೆ ತೋರಿಸಲು ತುಮಕೂರಿಗೆ ಬಂದವಳಿಗೆ ಅಮ್ಮ ಫೋನಿನಲ್ಲಿ ಎಂಜಿನ್ ಸುದ್ದಿ ಹೇಳಿಬಿಟ್ಟಿದ್ದರು. ಅವಳು ಕಾರಿನ ಕಿಟಕಿಗೆ ಬಾಗಿ ಒಂದೊಂದೇ ಮೂಟೆ ಓದುತ್ತಿದ್ದಳು. ನಾನು ನೀರಿನ ಲೋಟ ಹಿಡಿದುಕೊಂಡೇ ಬಾಗಿಲ ಮರೆಗೆ ಸರಿದೆ.

"ಇದ್ಯಾರತ್ತೆ?" ಎಂದು ಅವಳು ಮೆಕ್ಯಾನಿಕ್ಕನ್ನು ಕೇಳಿದಳು.

ಪಾಪ, ಅವರಿಗೇನು ಗೊತ್ತು? ಕೈ ಒರೆಸಿಕೊಳ್ಳುತ್ತಾ ಉತ್ಸಾಹದಿಂದಲೇ ಹೇಳಿದರು: "ನಮ್ಮ ಮೇಡಮ್ನೋರತ್ತೆ ಅಂತೆ ಕಣಮ್ಮ. ಭಾರೀ ಆಳಂತೆ! ಅವ್ರೊಬ್ರು ಹತ್ತಿದ್ರೆ ಸಾಕು, ಎಂಜಿನ್ ಪಾಸಾದಂಗೇ. ಅವ್ರಿಗೋಸ್ಕರನೇ ಇಷ್ಟೆಲ್ಲ."

ನಾನು ಹೊರಗೆ ಬಂದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಮುಂದಿನ ಬಾಗಿಲು ತೆಗೆದು, ಮೇಲಿನ ಅರ್ಧ ಮೂಟೆಯ ಬಾಯಿ ಬಿಚ್ಚಿ, ಒಂದೊಂದೇ ಕಾಯಿ ತೆಗೆದು ನೆಲಕ್ಕಿಡತೊಡಗಿದಳು. ಹತ್ತು ತೆಗೆದಳು. ಸ್ವಲ್ಪ ಯೋಚಿಸಿ ಇನ್ನೆರಡು ತೆಗೆದಳು.

"ತುಲಾಭಾರದ ಲೆಕ್ಕ ಹಿಡಿದಿದ್ಯಾ?" ಎಂದಳು. "ಅದು ಹಳೇದು. ಈಗ ಸಕ್ಕರೆ ಕಾಯಿಲೆ ಬಂದು ಇಳ್ದಿವ್ನಿ. ಜಾಸ್ತಿ ಬರೀಬ್ಯಾಡ."

ಮೆಕ್ಯಾನಿಕ್ಕಿಗೆ ಆಗ ವಿಷಯ ಹೊಳೆದು, ಅವರು ತಟ್ಟನೆ ಕಾರಿನ ಕೆಳಗೆ ತೂರಿಕೊಂಡರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಅತ್ತೆ ಬಾನೆಟ್ ಕಡೆ ಬಂದು ಎಂಜಿನ್ ನೋಡಿದಳು. ಕೈಯಿಟ್ಟು ಬಿಸಿ ನೋಡಿದಳು. ಮಾವ ಹೊಸ ಕುದುರೆಯನ್ನು ನೋಡುತ್ತಿದ್ದುದು ಹಾಗೆಯೇ. "ದೊಡ್ಡ ಕುದುರೆನೇ ಕಟ್ಟಿದ್ಯಾ. ಸರಿ. ಲಗಾಮು?"

"ಅಂದರೆ?"

"ಬ್ರೇಕು ಕಣಮ್ಮಿ. ಹತ್ತೋದೇನೋ ಹತ್ತುತದೆ. ಇಳಿಯೋವಾಗ ಹಿಡೀಬ್ಯಾಡ್ವಾ? ಎಳೆಯೋ ಕುದುರೆ ಬದಲಾಯ್ಸಿ ಹಳೇ ಲಗಾಮೇ ಹಾಕಿದ್ರೆ, ಗಾಡಿ ಸಮೇತ ಕೆರೆಗೇಯ."

ನಾನು ಕಾರಿನ ಕೆಳಗೆ ನೋಡಿದೆ. ಅಲ್ಲಿಂದ ಮೆಕ್ಯಾನಿಕ್ಕಿನ ದನಿ ಬಂತು: "ಅಮ್ಮ ಹೇಳ್ತಿರೋದು ನಿಜ ಮೇಡಮ್. ಹಾಗಲವಾಡಿ ಗಾಡಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಎಂಜಿನ್ ಸಂತೋಷದಾಗೆ ಅದನ್ನ ಬುಟ್ಟು ಬಂದ್ವಿ."

ಕುದುರೆ ತಂದು ಲಗಾಮನ್ನು ಕೋಳಿಗೂಡಿನಲ್ಲಿ ಬಿಟ್ಟು ಬಂದಿದ್ದೆವು. ಅತ್ತೆ ಬರದಿದ್ದರೆ ಐದು ಜನರನ್ನು ಕೂರಿಸಿಕೊಂಡು ಆ ಗುಡ್ಡ ಇಳಿಯುತ್ತಿದ್ದೆ. "ಅತ್ತೆ, ಪರಕ್ಕೆ ಬರ್ತೀರಾ?" ಎಂದೆ, ಅಷ್ಟೇ ಬಾಯಿಗೆ ಬಂದದ್ದು. "ಮೊದ್ಲು ಲಗಾಮು ಸರಿ ಮಾಡ್ಸು. ಆಮ್ಯಾಕೆ ನೋಡಾನ" ಎಂದು ಆಟೋ ಹತ್ತಿದಳು. ತೆಗೆದಿಟ್ಟ ಹನ್ನೆರಡು ಕಾಯಿಯನ್ನು ಜೊತೆಗೆ ಒಯ್ದಳು.

ಮುಂದಿನ ಭಾನುವಾರ ಮತ್ತೆ ಹಾಗಲವಾಡಿ. ಆ ರೈತರು ನಮ್ಮನ್ನು ನೋಡಿ ನಕ್ಕರು. "ಬರ್ತೀರ ಅಂತ ಗೊತ್ತಿತ್ತು. ಓಡೋದು ಮಾತ್ರ ನೋಡಿದ್ರಿ, ನಿಲ್ಲೋದು ನೋಡ್ಲಿಲ್ಲ." ಬ್ರೇಕಿನ ಸಾಮಾನಿನ ಜೊತೆಗೆ ಅವರ ಹೆಂಡತಿ ಅತ್ತೆಗೆಂದು ಒಂದು ಡಜನ್ ನಾಟಿ ಮೊಟ್ಟೆ ಕಟ್ಟಿಕೊಟ್ಟರು. ಅತ್ತೆಯ ಕಥೆ ಅಲ್ಲಿಯ ತನಕ ಹೇಗೆ ಹೋಯಿತೋ, ಅಮ್ಮನ ಫೋನಿಗೇ ಗೊತ್ತು.

ಪರದ ದಿನ ಬೆಳಿಗ್ಗೆ ಅಮ್ಮ, ಎಜಮಾನರು, ತಮ್ಮ ಹಿಂದೆ ಕೂತರು. ತಮ್ಮನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವರ ಕಾರಿನಲ್ಲಿ ಮುಂದೆ ಹೋದಳು. ಮುಂದಿನ ಸೀಟು ಖಾಲಿ. ಕುಣಿಗಲ್ ತಲುಪುವ ತನಕ ಎಲ್ಲರೂ ಮಳೆಯ ಬಗ್ಗೆ, ಕಾಯಿಯ ಬೆಲೆಯ ಬಗ್ಗೆ ಮಾತಾಡಿದರು. ಅತ್ತೆ ಬಾಗಿಲಲ್ಲಿ ನಿಂತಿರುತ್ತಾಳೋ, ತಲೆನೋವೆಂದು ಮಲಗಿರುತ್ತಾಳೋ ಎಂದು ನನ್ನ ಎದೆ ಡವಡವ. ಅವಳ ಬೀದಿಗೆ ತಿರುಗಿದಾಗ ಎಂಜಿನ್ ಸದ್ದಿಗಿಂತ ಅದೇ ಜೋರಾಗಿತ್ತು.

ಅತ್ತೆ ಜಗುಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಕ್ಕಿಯ ಬುಟ್ಟಿ. ಹಸಿರು ರೇಷ್ಮೆ ಸೀರೆ. ಎದ್ದು, ಕಾರಿನ ಸುತ್ತ ಒಂದು ಸುತ್ತು ಬಂದಳು. "ಬ್ರೇಕ್ ಹಾಕು" ಎಂದಳು. ಹಾಕಿದೆ. "ಬುಡು" ಎಂದಳು. ಬಿಟ್ಟೆ. ಮುಂದಿನ ಬಾಗಿಲು ತೆಗೆದು ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, "ನಡಿ" ಎಂದಳು. ಹಿಂದಿನ ಸೀಟಿನಲ್ಲಿ ಅಮ್ಮ ಮೂಗು ಸೀಟಿದ್ದು ಕೇಳಿಸಿತು.

ಹುಲಿಯೂರುದುರ್ಗ ದಾಟಿ ಗುಡ್ಡದ ಬುಡಕ್ಕೆ ಬಂದೆವು. ಏರು ಶುರುವಾಯಿತು. ಮೂರನೇ ಗೇರ್ ಹಾಕಿದೆ, ಕಡ್ಡಿ ಅತ್ತೆಯ ಮಂಡಿಗೆ ತಾಗಿತು. ಅವಳು ಮಂಡಿ ಸರಿಸಿಕೊಂಡಳು. ಎರಡನೇ ಗೇರ್. ಅವತ್ತು ಕಾರು ನಿಂತ ಜಾಗ ಎದುರು ಬಂತು. ಅಲ್ಲಿ ರಸ್ತೆ ಬಲಕ್ಕೆ ತಿರುಗಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ನಾನು ಆಕ್ಸಿಲರೇಟರ್ ಮೇಲಿನ ಕಾಲನ್ನು ಸಡಿಲಿಸಿದೆ. "ತುಳಿಯೇ!" ಎಂದಳು ಅತ್ತೆ. ತುಳಿದೆ. ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡು, ಐದು ಜನರನ್ನೂ ಒಂದು ಬುಟ್ಟಿ ಅಕ್ಕಿಯನ್ನೂ ಎತ್ತಿಕೊಂಡು ಮೇಲಕ್ಕೆ ಹೋಯಿತು. ತಮ್ಮ ಹಿಂದಿನಿಂದ ಸಿಳ್ಳೆ ಹೊಡೆದ. ಎಜಮಾನರು, ಗುಜರಿ ಎಂದಿದ್ದ ಅದೇ ಎಜಮಾನರು, ನನ್ನ ಭುಜ ತಟ್ಟಿದರು. ಅತ್ತೆ ಬುಟ್ಟಿ ಅಪ್ಪಿಕೊಂಡು ಕೂತಿದ್ದಳು, ಮುಖ ಬಿಗಿಯಾಗಿತ್ತು. ನಗು ತಡೆಯುತ್ತಿದ್ದಾಳೋ ಅಳು ತಡೆಯುತ್ತಿದ್ದಾಳೋ ಗೊತ್ತಾಗಲಿಲ್ಲ.

ಮೇಲೆ ಒಲೆ ಹೂಡಿಯಾಗಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಎಲ್ಲರೂ ಇಳಿದೆವು. ಅತ್ತೆ ಇಳಿಯಲಿಲ್ಲ.

"ಬನ್ನಿ ಅತ್ತಿಗೆ, ಅಕ್ಕಿ ಹಾಕಬೇಕು" ಎಂದು ಅಮ್ಮ ಕರೆದರು.

"ಇವತ್ತು ನಾನು ಇಳಿಯಾಕಿಲ್ಲ" ಎಂದಳು ಅತ್ತೆ. "ಈ ಗಾಡಿಯಿಂದ ಇಳಿದಿಳಿದು ಸಾಕಾಗದೆ. ಬೇಕಾದ್ರೆ ಒಲೆ ಇಲ್ಲಿಗೇ ತನ್ನಿ."

ಒಲೆ ತರಲಾಗಲಿಲ್ಲ, ಕಾರನ್ನೇ ಒಲೆಯ ಹತ್ತಿರ ಒಯ್ದೆ. ಅಮ್ಮ ಮೊರ ತಂದು ಕಿಟಕಿಗೆ ಹಿಡಿದರು. ಅತ್ತೆ ಕೈ ಚಾಚಿ ಮೊದಲ ಹಿಡಿ ಅಕ್ಕಿ ಹಾಕಿ ಕೈ ಮುಗಿದಳು, ಅಮ್ಮ ಅದನ್ನು ಹಂಡೆಗೆ ಸುರಿದರು. ಪೂಜಾರಪ್ಪ ಕಿಟಕಿಗೇ ಮಂಗಳಾರತಿ ತಂದರು. ಊರಿನ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಕಿಟಕಿಯಲ್ಲಿ ಬಾಗಿ ಮಾತಾಡಿಸಿದರು. ಬೀಗರೂ ಬಂದರು. "ಚೆನ್ನಾಗಿದೀರಾ?" ಎಂದರು. "ಕೂತಿದೀನಿ" ಎಂದಳು ಅತ್ತೆ. ಅವರು ಒಲೆಯ ಕಡೆ ನಡೆದರು.

ಊಟದ ಹೊತ್ತಿಗೆ ಎಲೆಯಲ್ಲಿ ಅನ್ನ, ಹುಳಿ, ಪಾಯಸ ಬಡಿಸಿಕೊಂಡು ನಾನೇ ಒಯ್ದೆ. ಅವಳ ತೊಡೆಯ ಮೇಲೆ ಎಲೆ ಇಟ್ಟು, ನಾನು ಸ್ಟೇರಿಂಗ್ ಮುಂದೆ ಕೂತೆ. ಹೊರಗೆ ಪಂಕ್ತಿಯ ಗದ್ದಲ, ಒಳಗೆ ನಾವಿಬ್ಬರೇ. ಎಂಜಿನ್ ಇನ್ನೂ ಆರುತ್ತಿದ್ದುದು ಟಿಕ್ ಟಿಕ್ ಎಂದು ಕೇಳುತ್ತಿತ್ತು. ಈಗ ಎಂಜಿನ್ನಿನ ಮೇಲೆ ಹಾಕಲು ಯಾವ ತಪ್ಪೂ ಉಳಿದಿರಲಿಲ್ಲ.

"ಅತ್ತೆ" ಎಂದೆ. "ಅವತ್ತು ನಾನು ಹಾಗನ್ನಬಾರದಿತ್ತು. ಅಷ್ಟು ಜನರ ಮುಂದೆ. ತಪ್ಪಾಯ್ತು."

ಅತ್ತೆಯ ಕೈ ಎಲೆಯ ಮೇಲೆ ನಿಂತಿತು. ನನ್ನ ಕಡೆ ತಿರುಗಿ, ಚಿಕ್ಕಂದಿನಿಂದ ನನ್ನನ್ನು ನೋಡಿಯೇ ಇಲ್ಲವೇನೋ ಎನ್ನುವ ಹಾಗೆ ನೋಡಿದಳು.

"ಅಯ್ಯೋ ನಿನ್ನ ಮನೆ ಕಾಯೋಗ!" ಎಂದಳು. "ಈ ಮಾತು ಅವತ್ತು ಸಂಜೇನೇ ಅಂದಿದ್ರೆ ಮಾರನೇ ವರ್ಷನೇ ಹಳೇ ಎಂಜಿನ್ನಾಗೇ ಬಂದು ಕೂತ್ಕೊತಿದ್ನಲ್ಲೇ. ಏರು ಬಂದಾಗ ನಾನೇ ಇಳೀತಿದ್ದೆ. ನಿಮ್ಮಪ್ಪ ಇದ್ದಾಗ ಇಳೀತಿರ್ಲಿಲ್ವಾ? ಒಂದು ಮಾತು ಸಾಕಾಗಿತ್ತು ಕಣಮ್ಮಿ, ಎಂಜಿನ್ ಯಾಕೆ ಬೇಕಿತ್ತು?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹನ್ನೊಂದು ವರ್ಷ, ಹಾಗಲವಾಡಿಗೆ ಎರಡು ಸಲ, ಹೊಂಗೆ ಮರದ ಕೊಂಬೆ, ಆರ್‌ಟಿಒ, ಒಂದೂವರೆ ಮೂಟೆ ಕಾಯಿ. ಎಲ್ಲವೂ ಒಂದು ಮಾತು ಹೇಳದೆ ತಪ್ಪಿಸಿಕೊಳ್ಳುವುದಕ್ಕೆ. ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕೆ, ಹಾರನ್ ಒತ್ತಿಕೊಂಡಿತು, ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆಯೂ ನಗತೊಡಗಿದಳು. ಅವಳು ನಕ್ಕರೆ ಕಾರೇ ಅಲ್ಲಾಡುತ್ತದೆ, ಅಂದೂ ಅಲ್ಲಾಡಿತು. ಪಾಯಸ ಕಲಸಿ ಒಂದು ತುತ್ತು ನನ್ನ ಬಾಯಿಗಿಟ್ಟಳು.

ಊಟ ಮುಗಿದ ಮೇಲೆ ಎಲೆ ಮಡಿಚಿ ನನ್ನ ಕೈಗೆ ಕೊಟ್ಟು, ಕಿಟಕಿಯಲ್ಲೇ ಕೈ ತೊಳೆದಳು. ಸೆರಗಿಗೆ ಕೈ ಒರೆಸಿಕೊಂಡು, ನೆಲದ ಮೇಲಿನ ಗೇರ್ ಕಡ್ಡಿಯನ್ನು ಒಮ್ಮೆ ಮುಟ್ಟಿ ನೋಡಿದಳು.

"ಆದ್ರೂ ಎಂಜಿನ್ ಚೆನ್ನಾಗದೆ" ಎಂದಳು. "ಕೆಳಕ್ಕೋಗಿ ಇನ್ನೊಂದ್ಸಲ ಹತ್ತಿಸು. ಹತ್ತೋವಾಗ ಕಣ್ಣು ಮುಚ್ಕೊಂಡಿದ್ದೆ, ಸರ್ಯಾಗಿ ನೋಡ್ಲಿಲ್ಲ."

ನಾನು ಕಾರನ್ನು ಇಳಿಜಾರಿನ ಕಡೆ ತಿರುಗಿಸಿದೆ.